ಠಾಣೆಯತ್ತ ತಿರುಗಬೇಕಾದ ಕ್ಯಾಮೆರಾ

ಪೊಲೀಸ್ ಇಲಾಖೆ ಕೊಳ್ಳುವ ಕ್ಯಾಮೆರಾ, ಕಂಪ್ಯೂಟರ್, ತಂತ್ರಾಂಶಗಳ ಚರ್ಚೆಯೆಂದರೆ ಅದು ರಾಜಧಾನಿಯ ಚರ್ಚೆ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಟೆಂಡರ್ ಕರೆಯುವುದು ಬೆಂಗಳೂರಿನಲ್ಲಿ, ಕರಾರಿಗೆ ಸಹಿ ಬೀಳುವುದು ಬೆಂಗಳೂರಿನಲ್ಲಿ, ಉದ್ಘಾಟನೆಯ ಫಲಕ ಏಳುವುದೂ ಬಹುತೇಕ ಅಲ್ಲಿಯೇ. ಚಿತ್ರದುರ್ಗ ಜಿಲ್ಲೆ ಹೊಳಲ್ಕೆರೆ ತಾಲ್ಲೂಕಿನ ತಾಳ್ಯದಂಥ ಹೋಬಳಿ ಕೇಂದ್ರಕ್ಕೂ ಆ ಖರ್ಚಿಗೂ ಏನು ಸಂಬಂಧ ಎಂದು ಯಾರಾದರೂ ಕೇಳಿದರೆ ಅಚ್ಚರಿಪಡಬೇಕಿಲ್ಲ. ಆದರೆ ಈ ಪ್ರಶ್ನೆಗೆ ಈಗ ಕಾನೂನೇ ಉತ್ತರ ಕೊಟ್ಟಿದೆ.

2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 105ನೇ ಸೆಕ್ಷನ್ ಪ್ರಕಾರ, ಶೋಧ ಮತ್ತು ಜಪ್ತಿಯ ಇಡೀ ಪ್ರಕ್ರಿಯೆಯನ್ನು ಧ್ವನಿ ಸಹಿತ ದೃಶ್ಯರೂಪದಲ್ಲಿ ದಾಖಲಿಸಿ, ವಿಳಂಬವಿಲ್ಲದೆ ಮ್ಯಾಜಿಸ್ಟ್ರೇಟರಿಗೆ ಕಳುಹಿಸಬೇಕು. ಏಳು ವರ್ಷ ಅಥವಾ ಅದಕ್ಕಿಂತ ಹೆಚ್ಚಿನ ಶಿಕ್ಷೆಗೆ ಗುರಿಯಾಗಬಲ್ಲ ಅಪರಾಧ ನಡೆದ ಸ್ಥಳಕ್ಕೆ ವಿಧಿವಿಜ್ಞಾನ ತಜ್ಞರು ಭೇಟಿ ನೀಡುವುದನ್ನು ಅದೇ ಸಂಹಿತೆಯ 176ನೇ ಸೆಕ್ಷನ್ ಕಡ್ಡಾಯಗೊಳಿಸುತ್ತದೆ. ಇದನ್ನು ಜಾರಿಗೆ ತರಲು ರಾಜ್ಯಗಳಿಗೆ ಐದು ವರ್ಷಗಳ ಕಾಲಾವಕಾಶವಿದೆ. ಅಂದರೆ ತಾಳ್ಯದ ಯಾವುದೋ ತೋಟದ ಮನೆಯಲ್ಲಿ ಕದ್ದ ಅಡಿಕೆ ಚೀಲವನ್ನು ವಶಪಡಿಸಿಕೊಳ್ಳುವ ಪೊಲೀಸರ ಕೈಯಲ್ಲಿ ಕೆಲಸ ಮಾಡುವ ಸಾಧನವಿರಬೇಕು, ದೃಶ್ಯವನ್ನು ಸುರಕ್ಷಿತವಾಗಿ ಇಡಲು ಜಾಗವಿರಬೇಕು, ಕಳುಹಿಸಲು ಜಾಲಸಂಪರ್ಕವಿರಬೇಕು. ಇವುಗಳಲ್ಲಿ ಒಂದು ಕೈಕೊಟ್ಟರೂ ದೂರುದಾರನ ನ್ಯಾಯ ಕುಂಟುತ್ತದೆ, ಇಲ್ಲವೇ ನಿರಪರಾಧಿಯ ರಕ್ಷಣೆ ಕುಸಿಯುತ್ತದೆ. ಪೊಲೀಸರ ತಂತ್ರಜ್ಞಾನ ಈಗ ಮಹಾನಗರದ ಅಲಂಕಾರವಾಗಿ ಉಳಿದಿಲ್ಲ. ಹೋಬಳಿ ಮಟ್ಟದ ನ್ಯಾಯದಾನದ ಅಂಗವೇ ಆಗಿದೆ. ಹಾಗಿರುವಾಗ ಆ ತಂತ್ರಜ್ಞಾನವನ್ನು ಯಾರು ಆರಿಸುತ್ತಾರೆ, ಎಷ್ಟಕ್ಕೆ ಕೊಳ್ಳುತ್ತಾರೆ, ಕೊಂಡದ್ದು ಕೆಲಸ ಮಾಡುತ್ತಿದೆಯೇ ಎಂದು ಯಾರು ನೋಡುತ್ತಾರೆ ಎಂಬ ಪ್ರಶ್ನೆಗಳು ಎಲ್ಲ ನಾಗರಿಕರಿಗೂ ಸೇರಿದವು.

ಹಣದ ಹರಿವು ಹೊಸದೇನಲ್ಲ. ಪೊಲೀಸ್ ಪಡೆಗಳ ಆಧುನೀಕರಣಕ್ಕೆ ರಾಜ್ಯಗಳಿಗೆ ನೆರವು ನೀಡುವ ಕೇಂದ್ರದ ಯೋಜನೆ ಆರಂಭವಾದದ್ದು 1969-70ರಲ್ಲಿ. ಅಂದಿನಿಂದ ಇಂದಿನವರೆಗೆ ಅದು ಹೆಸರು ಬದಲಿಸುತ್ತ, ಗಾತ್ರ ಹಿಗ್ಗಿಸಿಕೊಳ್ಳುತ್ತ ಬಂದಿದೆ. 2021-22ರಿಂದ 2025-26ರವರೆಗಿನ ಐದು ವರ್ಷಗಳಿಗೆ ಕೇಂದ್ರ ಸರ್ಕಾರ ಒಪ್ಪಿಗೆ ನೀಡಿದ ಸಮಗ್ರ ಯೋಜನೆಯ ಮೊತ್ತ 26,275 ಕೋಟಿ ರೂಪಾಯಿ. ಅದರಲ್ಲಿ ರಾಜ್ಯ ಪೊಲೀಸ್ ಪಡೆಗಳ ಆಧುನೀಕರಣಕ್ಕೆ ಮೀಸಲಾದದ್ದು 4,846 ಕೋಟಿ. ಮುಂಬೈ ಮೇಲಿನ ಭಯೋತ್ಪಾದಕ ದಾಳಿಯ ಮರುವರ್ಷ, 2009ರ ಜೂನ್‌ನಲ್ಲಿ, ದೇಶದ ಠಾಣೆಗಳನ್ನೆಲ್ಲ ಒಂದೇ ಜಾಲದಲ್ಲಿ ಬೆಸೆಯುವ ಸಿಸಿಟಿಎನ್‌ಎಸ್ ಯೋಜನೆಗೆ 2,000 ಕೋಟಿ ರೂಪಾಯಿ ಮಂಜೂರಾಯಿತು. ಉದ್ದೇಶ ಒಳ್ಳೆಯದು. ಒಂದು ಜಿಲ್ಲೆಯಲ್ಲಿ ಕಳ್ಳತನ ಮಾಡಿ ಇನ್ನೊಂದು ಜಿಲ್ಲೆಗೆ ಜಾರಿಕೊಳ್ಳುವವನ ಬೆರಳಚ್ಚು ಎರಡೂ ಕಡೆ ಸಿಗಬೇಕು ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಯೋಜನೆಯ ಅವಧಿಯನ್ನು ಮತ್ತೆ ಮತ್ತೆ ವಿಸ್ತರಿಸಬೇಕಾಯಿತು. ಯಂತ್ರ ಕೊಳ್ಳುವುದು ಸುಲಭ. ಅದನ್ನು ದಿನನಿತ್ಯದ ಕೆಲಸಕ್ಕೆ ಒಗ್ಗಿಸುವುದು ಕಷ್ಟ ಎಂಬ ಪಾಠವನ್ನು ಅದು ಕಲಿಸಿತು.

ಆ ಪಾಠವನ್ನು ನಾವು ಕಲಿತೆವೇ? ಬೆಂಗಳೂರಿನ ‘ಸುರಕ್ಷಿತ ನಗರ’ ಯೋಜನೆಯ ಕಥೆಯನ್ನು ನೋಡೋಣ. 2012ರ ದೆಹಲಿಯ ಘೋರ ಅತ್ಯಾಚಾರ ಪ್ರಕರಣದ ನಂತರ 2013ರಲ್ಲಿ ಸ್ಥಾಪನೆಯಾದ ನಿರ್ಭಯಾ ನಿಧಿಯಿಂದ 2018ರಲ್ಲಿ ಎಂಟು ಮಹಾನಗರಗಳಿಗೆ ಈ ಯೋಜನೆ ಮಂಜೂರಾಯಿತು. ಎಂಟು ನಗರಗಳ ಒಟ್ಟು ಮೊತ್ತ ಸುಮಾರು 2,919 ಕೋಟಿ ರೂಪಾಯಿ. ಬೆಂಗಳೂರಿನ ಪಾಲು 667 ಕೋಟಿ. ವೆಚ್ಚದಲ್ಲಿ ಕೇಂದ್ರದ್ದು ಶೇ 60, ರಾಜ್ಯದ್ದು ಶೇ 40. ಮಹಿಳೆಯರ ಸುರಕ್ಷತೆಯೇ ಯೋಜನೆಯ ಘೋಷಿತ ಗುರಿ. ಮಂಜೂರಾಗಿ ಎರಡು ವರ್ಷ ಕಳೆದರೂ ಕೆಲಸ ಆರಂಭವಾಗಲಿಲ್ಲ. ಟೆಂಡರ್ ಎರಡು ಬಾರಿ ರದ್ದಾಯಿತು. 2020ರ ಡಿಸೆಂಬರಿನಲ್ಲಿ, ಟೆಂಡರಿನ ಮೂರನೆಯ ಸುತ್ತಿನ ವೇಳೆಗೆ, ಇಬ್ಬರು ಹಿರಿಯ ಐಪಿಎಸ್ ಅಧಿಕಾರಿಗಳ ನಡುವಿನ ಜಟಾಪಟಿ ಬೀದಿಗೆ ಬಂತು. ಟೆಂಡರಿನ ಷರತ್ತುಗಳು ನಿರ್ದಿಷ್ಟ ಕಂಪನಿಗೆ ಅನುಕೂಲವಾಗುವಂತಿವೆ ಎಂಬ ಆಕ್ಷೇಪ ಒಂದು ಕಡೆಯಿಂದ. ಟೆಂಡರಿನ ಗೋಪ್ಯ ಮಾಹಿತಿಯನ್ನು ಅಧಿಕಾರವಿಲ್ಲದೆ ಕೇಳಲಾಯಿತು ಎಂಬ ಆಕ್ಷೇಪ ಇನ್ನೊಂದು ಕಡೆಯಿಂದ. ಆ ವರ್ಷದ ಕೊನೆಯ ದಿನ ಸರ್ಕಾರ ಇಬ್ಬರನ್ನೂ ಬೇರೆ ಹುದ್ದೆಗಳಿಗೆ ವರ್ಗಾಯಿಸಿತು. ಮುಂದೆ 2021ರಲ್ಲಿ 496.57 ಕೋಟಿ ರೂಪಾಯಿಯ ಗುತ್ತಿಗೆ ಹನಿವೆಲ್ ಕಂಪನಿಗೆ ದೊರೆಯಿತು. ಮೂರು ಸಾವಿರಕ್ಕೂ ಹೆಚ್ಚು ಸ್ಥಳಗಳಲ್ಲಿ ಏಳು ಸಾವಿರಕ್ಕೂ ಹೆಚ್ಚು ಕ್ಯಾಮೆರಾ ಅಳವಡಿಸುವುದು ಅದರ ಕೆಲಸವಾಗಿತ್ತು.

ಆ ಇಬ್ಬರಲ್ಲಿ ಯಾರು ಸರಿ ಎಂದು ತೀರ್ಪು ಕೊಡುವುದು ಇಲ್ಲಿನ ಉದ್ದೇಶವಲ್ಲ. ಗಮನಿಸಬೇಕಾದದ್ದು ಬೇರೆಯೇ ಇದೆ. ನೂರಾರು ಕೋಟಿ ರೂಪಾಯಿಯ ಸಾರ್ವಜನಿಕ ಖರೀದಿಯ ಒಳವಿವರ ಜನರಿಗೆ ತಿಳಿದದ್ದು ಯಾವುದೇ ಸಂಸ್ಥೆಯ ಮೂಲಕವಲ್ಲ. ಇಬ್ಬರು ಅಧಿಕಾರಿಗಳು ಜಗಳವಾಡಿದ್ದರಿಂದ. ಅವರು ಪರಸ್ಪರ ಸೌಹಾರ್ದದಿಂದ ಇದ್ದಿದ್ದರೆ ನಮಗೆ ಏನೂ ತಿಳಿಯುತ್ತಿರಲಿಲ್ಲ. ಅಧಿಕಾರಿಗಳ ಮನಸ್ತಾಪದ ಮೇಲೆ ನಿಂತ ಪಾರದರ್ಶಕತೆ ಪಾರದರ್ಶಕತೆಯೇ ಅಲ್ಲ. ಸಾರ್ವಜನಿಕ ಖರೀದಿಯಲ್ಲಿ ಪಾರದರ್ಶಕತೆಗೆಂದೇ ಕರ್ನಾಟಕ 1999ರಲ್ಲಿ ಕಾಯ್ದೆ ಮಾಡಿಕೊಂಡಿತು. ಅದು ಒಳ್ಳೆಯ ಕಾಯ್ದೆಯೇ. ಆದರೆ ಅದು ಕೇಳುವುದು ಹೇಗೆ ಕೊಂಡಿರಿ ಎಂಬ ಪ್ರಶ್ನೆಯನ್ನು. ಏಕೆ ಕೊಂಡಿರಿ, ಇದಕ್ಕಿಂತ ತುರ್ತಾದದ್ದು ಬೇರೆ ಇರಲಿಲ್ಲವೇ, ಕೊಂಡದ್ದು ಈಗ ನಡೆಯುತ್ತಿದೆಯೇ ಎಂಬ ಪ್ರಶ್ನೆಗಳು ಅದರ ಪರಿಧಿಯಲ್ಲಿಲ್ಲ. ಜೊತೆಗೆ, ಅದರ 4(ಜಿ) ವಿಧಿಯಡಿ ಟೆಂಡರಿನಿಂದಲೇ ವಿನಾಯಿತಿ ಕೊಡುವ ಅಧಿಕಾರ ಸರ್ಕಾರದ ಕೈಯಲ್ಲಿದೆ.

ಇದೇ ಹೊತ್ತಿಗೆ, ಇದೇ 2020ರ ಡಿಸೆಂಬರಿನಲ್ಲಿ, ಮತ್ತೊಂದು ಬಗೆಯ ಕ್ಯಾಮೆರಾಗಳ ಬಗ್ಗೆ ಸುಪ್ರೀಂ ಕೋರ್ಟ್ ಮಹತ್ವದ ಆದೇಶ ನೀಡಿತು. ಪರಮ್‌ವೀರ್ ಸಿಂಗ್ ಸೈನಿ ಪ್ರಕರಣದಲ್ಲಿ ನ್ಯಾಯಮೂರ್ತಿ ಆರ್.ಎಫ್. ನಾರಿಮನ್ ನೇತೃತ್ವದ ಪೀಠ ಡಿಸೆಂಬರ್ 2ರಂದು ಹೇಳಿದ್ದು ಇದು: ದೇಶದ ಪ್ರತಿಯೊಂದು ಠಾಣೆಯಲ್ಲೂ ಕ್ಯಾಮೆರಾ ಇರಬೇಕು. ಪ್ರವೇಶದ್ವಾರ, ಲಾಕಪ್, ಮೊಗಸಾಲೆ, ಇನ್‌ಸ್ಪೆಕ್ಟರ್ ಹಾಗೂ ಸಬ್‌ಇನ್‌ಸ್ಪೆಕ್ಟರ್ ಕೊಠಡಿ, ಶೌಚಾಲಯದ ಹೊರಭಾಗ, ಠಾಣೆಯ ಹಿಂಬದಿ, ಯಾವ ಭಾಗವೂ ಕಣ್ತಪ್ಪಬಾರದು. ರಾತ್ರಿಯಲ್ಲೂ ಕಾಣಬೇಕು, ಧ್ವನಿಯೂ ದಾಖಲಾಗಬೇಕು. ದೃಶ್ಯಗಳನ್ನು ಹದಿನೆಂಟು ತಿಂಗಳು, ಅದು ಸಾಧ್ಯವಾಗದಿದ್ದರೆ ಕನಿಷ್ಠ ಒಂದು ವರ್ಷ ಕಾಪಾಡಬೇಕು. ವಿದ್ಯುತ್ ಇಲ್ಲದ ಕಡೆ ಸೌರಶಕ್ತಿ, ಪವನಶಕ್ತಿಯನ್ನಾದರೂ ಬಳಸಿ ಒದಗಿಸಬೇಕು. ಗುಡ್ಡಗಳ ನೆತ್ತಿಯ ಮೇಲೆ ಗಾಳಿಯಂತ್ರಗಳು ಸಾಲುಗಟ್ಟಿ ನಿಂತಿರುವ ಚಿತ್ರದುರ್ಗ ಜಿಲ್ಲೆಯಲ್ಲಿ ವಿದ್ಯುತ್ತಿನ ನೆಪ ಹೇಳಲು ಯಾರಿಗೂ ನಾಲಗೆ ಬಾರದು.

ಹೀಗೆ ಎರಡು ಬಗೆಯ ಕ್ಯಾಮೆರಾಗಳಿವೆ. ಒಂದು ಪೊಲೀಸರ ಕೈಯಿಂದ ಜನರತ್ತ ತಿರುಗಿದ್ದು. ಇನ್ನೊಂದು ಜನರ ಪರವಾಗಿ ಪೊಲೀಸರತ್ತ ತಿರುಗಿದ್ದು. ತಂತ್ರಜ್ಞಾನ ಒಂದೇ, ಕೊಳ್ಳುವ ಇಲಾಖೆಯೂ ಒಂದೇ. ಆದರೆ ಮೊದಲನೆಯದಕ್ಕೆ ಉದ್ಘಾಟನೆ, ನಿಯಂತ್ರಣ ಕೊಠಡಿ, ಗೋಡೆಯಗಲದ ಪರದೆ. ಎರಡನೆಯದಕ್ಕೆ ಪ್ರಮಾಣಪತ್ರ, ವಾಯಿದೆ, ಮತ್ತೊಂದು ವಾಯಿದೆ. ಠಾಣೆಗಳ ಕ್ಯಾಮೆರಾ ಬಗ್ಗೆ ಸುಪ್ರೀಂ ಕೋರ್ಟ್ 2018ರಲ್ಲೇ ಮಾತಾಡಿತ್ತು. 2020ರಲ್ಲಿ ವಿವರವಾಗಿ ಆದೇಶಿಸಿತು. 2025ರ ಸೆಪ್ಟೆಂಬರಿನಲ್ಲಿ, ರಾಜಸ್ಥಾನದಲ್ಲಿ ಎಂಟು ತಿಂಗಳಲ್ಲಿ ಪೊಲೀಸ್ ವಶದಲ್ಲಿ ಹನ್ನೊಂದು ಸಾವುಗಳಾದವೆಂಬ ಪತ್ರಿಕಾ ವರದಿಯನ್ನು ಕಂಡು, ಠಾಣೆಗಳಲ್ಲಿ ಕ್ಯಾಮೆರಾ ಕೆಲಸ ಮಾಡುತ್ತಿಲ್ಲವೆಂಬ ವಿಷಯವನ್ನು ಸ್ವಯಂಪ್ರೇರಿತವಾಗಿ ಕೈಗೆತ್ತಿಕೊಳ್ಳಬೇಕಾಯಿತು. ಒಂದು ಪೊಲೀಸ್ ಪಡೆಯ ತಂತ್ರಜ್ಞಾನ ನೀತಿಯನ್ನು ಅಳೆಯಲು ಬೇರೆ ಮಾಪಕ ಬೇಕಿಲ್ಲ. ಈ ಎರಡು ಕ್ಯಾಮೆರಾಗಳಲ್ಲಿ ಯಾವುದು ಕೆಟ್ಟರೆ ಬೇಗ ರಿಪೇರಿಯಾಗುತ್ತದೆ ಎಂದು ನೋಡಿದರೆ ಸಾಕು.

ಸುಪ್ರೀಂ ಕೋರ್ಟ್ ಆದೇಶದ ಇನ್ನೊಂದು ಭಾಗ ಹೆಚ್ಚು ಚರ್ಚೆಯಾಗಿಲ್ಲ. ಕ್ಯಾಮೆರಾ ಹಾಕಿ ಎಂದು ಹೇಳಿ ಅದು ಸುಮ್ಮನಾಗಲಿಲ್ಲ. ಉಸ್ತುವಾರಿಯ ವ್ಯವಸ್ಥೆಯನ್ನೂ ರೂಪಿಸಿತು. ರಾಜ್ಯ ಮಟ್ಟದಲ್ಲಿ ಗೃಹ ಮತ್ತು ಹಣಕಾಸು ಇಲಾಖೆಯ ಕಾರ್ಯದರ್ಶಿಗಳು, ಪೊಲೀಸ್ ಮಹಾನಿರ್ದೇಶಕರು ಹಾಗೂ ರಾಜ್ಯ ಮಹಿಳಾ ಆಯೋಗದ ಪ್ರತಿನಿಧಿ ಇರುವ ಸಮಿತಿ. ಜಿಲ್ಲಾ ಮಟ್ಟದಲ್ಲಿ ಪ್ರಾದೇಶಿಕ ಆಯುಕ್ತರು, ಜಿಲ್ಲಾಧಿಕಾರಿ, ಪೊಲೀಸ್ ವರಿಷ್ಠಾಧಿಕಾರಿ ಹಾಗೂ ನಗರಸಭೆಯ ಮುಖ್ಯಸ್ಥರು ಅಥವಾ ಗ್ರಾಮೀಣ ಭಾಗದಲ್ಲಿ ಜಿಲ್ಲಾ ಪಂಚಾಯಿತಿಯ ಮುಖ್ಯಸ್ಥರು ಇರುವ ಸಮಿತಿ. ಕ್ಯಾಮೆರಾಗಳ ಸ್ಥಿತಿಗತಿ ನೋಡುವುದು, ಠಾಣಾಧಿಕಾರಿಯೊಡನೆ ಸಂಪರ್ಕದಲ್ಲಿರುವುದು, ಪ್ರತಿ ತಿಂಗಳು ರಾಜ್ಯ ಸಮಿತಿಗೆ ವರದಿ ಕಳುಹಿಸುವುದು, ವರದಿಯಾಗದ ಮಾನವ ಹಕ್ಕು ಉಲ್ಲಂಘನೆ ನಡೆದಿದೆಯೇ ಎಂದು ದೃಶ್ಯಗಳನ್ನು ಪರಿಶೀಲಿಸುವುದು ಇದರ ಹೊಣೆ. ನಮ್ಮ ದೇಶದಲ್ಲಿ ಪೊಲೀಸರ ತಂತ್ರಜ್ಞಾನದ ಮೇಲೆ ಚುನಾಯಿತ ಸ್ಥಳೀಯ ಪ್ರತಿನಿಧಿಯೊಬ್ಬರಿಗೆ ಅಧಿಕೃತ ಸ್ಥಾನ ಸಿಕ್ಕಿದ ಅಪರೂಪದ ಉದಾಹರಣೆ ಇದು.

ಈ ಸಮಿತಿಯನ್ನು ಚಿತ್ರದುರ್ಗಕ್ಕೆ ಅನ್ವಯಿಸಿ ನೋಡಿ. ಪ್ರಾದೇಶಿಕ ಆಯುಕ್ತರು ಬೆಂಗಳೂರು ವಿಭಾಗದ ಒಂಬತ್ತು ಜಿಲ್ಲೆಗಳ ಹೊಣೆ ಹೊತ್ತವರು. ಅವರ ಕಚೇರಿ ಇರುವುದು ಚಿತ್ರದುರ್ಗದಿಂದ ಸುಮಾರು ಇನ್ನೂರು ಕಿಲೋಮೀಟರ್ ದೂರದಲ್ಲಿ. ಜಿಲ್ಲಾಧಿಕಾರಿ ಬರ, ಬೆಳೆ ವಿಮೆ, ಭೂದಾಖಲೆ, ಚುನಾವಣೆ ಎಂದು ಹತ್ತಾರು ಸಮಿತಿಗಳಿಗೆ ಅಧ್ಯಕ್ಷರು. ಪೊಲೀಸ್ ವರಿಷ್ಠಾಧಿಕಾರಿ ತಮ್ಮದೇ ಠಾಣೆಗಳನ್ನು ತಾವೇ ಪರಿಶೀಲಿಸುವ ಇಕ್ಕಟ್ಟಿನಲ್ಲಿರುವವರು. ಉಳಿದದ್ದು ನಾಲ್ಕನೆಯ ಕುರ್ಚಿ. ತಾಳ್ಯದಂಥ ಹೋಬಳಿಯ ಜನ ನೇರವಾಗಿ ಹೋಗಿ ದೂರು ಹೇಳಬಹುದಾದ, ಮತದ ಭಯವಿರುವ, ಸ್ಥಳೀಯ ಭಾಷೆ-ಭಾವ ಬಲ್ಲ ಏಕೈಕ ಕುರ್ಚಿ ಅದು. ಆ ಕುರ್ಚಿಯ ಗತಿ ಏನಾಯಿತು? ಕರ್ನಾಟಕದಲ್ಲಿ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳಿಗೆ 2016ರ ಆರಂಭದಲ್ಲಿ ಚುನಾವಣೆ ನಡೆಯಿತು. 2021ರಲ್ಲಿ ಅವಧಿ ಮುಗಿಯಿತು. ಬಳಿಕ ಕ್ಷೇತ್ರ ಮರುವಿಂಗಡಣೆ, ಮೀಸಲಾತಿ, ನ್ಯಾಯಾಲಯದ ವ್ಯಾಜ್ಯ ಎಂದು ವರ್ಷಗಳೇ ಉರುಳಿದವು. ಅಧ್ಯಕ್ಷರ ಜಾಗದಲ್ಲಿ ಸರ್ಕಾರ ನೇಮಿಸಿದ ಆಡಳಿತಾಧಿಕಾರಿಗಳು ಬಂದು ಕೂತರು. ಸುಪ್ರೀಂ ಕೋರ್ಟ್ ಆದೇಶ ಬಂದು ಅರ್ಧ ವರ್ಷವೂ ಕಳೆಯುವ ಮುನ್ನ, ಆ ಆದೇಶ ಜನಪ್ರತಿನಿಧಿಗೆ ಕೊಟ್ಟ ಒಂದೇ ಒಂದು ಸ್ಥಾನ ಬರಿದಾಯಿತು. ಈ ಬರಿದಾಗುವಿಕೆಯಲ್ಲಿ ಎಲ್ಲ ಪಕ್ಷಗಳ ಸರ್ಕಾರಗಳಿಗೂ ಪಾಲಿದೆ.

ಏಳು ಸುತ್ತಿನ ಕೋಟೆಯನ್ನು ಕಾಯ್ದದ್ದು ಕಲ್ಲಲ್ಲ, ಕಿಂಡಿಯ ಬಳಿ ಎಚ್ಚರವಾಗಿದ್ದ ಒಬ್ಬ ಹೆಣ್ಣುಮಗಳು ಎಂಬುದು ದುರ್ಗದ ಜನಕ್ಕೆ ಯಾರೂ ಹೇಳಿಕೊಡಬೇಕಾದ ಮಾತಲ್ಲ. ಉಸ್ತುವಾರಿಯೂ ಹಾಗೆಯೇ. ಎಷ್ಟು ಸಮಿತಿಗಳನ್ನು ಸುತ್ತ ಕಟ್ಟಿದರೂ, ಕಿಂಡಿಯ ಬಳಿ ಯಾರೂ ಇಲ್ಲದಿದ್ದರೆ ಫಲವಿಲ್ಲ.

ಇದು ಕೇವಲ ತತ್ವದ ಮಾತಲ್ಲ ಎಂಬುದಕ್ಕೆ ಹೊಳಲ್ಕೆರೆಯ ನೆರೆಯ ತಾಲ್ಲೂಕು ಚನ್ನಗಿರಿಯಲ್ಲಿ 2024ರ ಮೇ ತಿಂಗಳಲ್ಲಿ ನಡೆದ ಘಟನೆ ಸಾಕ್ಷಿ. ಪೊಲೀಸರು ಠಾಣೆಗೆ ಕರೆತಂದಿದ್ದ ವ್ಯಕ್ತಿಯೊಬ್ಬ ಮೃತಪಟ್ಟ. ಇದು ಪೊಲೀಸ್ ವಶದಲ್ಲಾದ ಸಾವು ಎಂಬ ಆರೋಪ ಹಬ್ಬಿತು. ಅದೇ ರಾತ್ರಿ ಉದ್ರಿಕ್ತ ಗುಂಪು ಠಾಣೆಯ ಮೇಲೆ ದಾಳಿ ಮಾಡಿತು, ವಾಹನಗಳು ಜಖಂಗೊಂಡವು, ಪೊಲೀಸರು ಗಾಯಗೊಂಡರು. ಅಧಿಕಾರಿಗಳು ಅಮಾನತಾದರು, ತನಿಖೆ ಸಿಐಡಿಗೆ ಹೋಯಿತು. ಇಂಥ ಗಳಿಗೆಯಲ್ಲಿ ವದಂತಿ ಮತ್ತು ಸತ್ಯದ ನಡುವೆ ನಿಲ್ಲಬಲ್ಲ ವಸ್ತು ಒಂದೇ: ಠಾಣೆಯ ಬಾಗಿಲಿನಿಂದ ಲಾಕಪ್ಪಿನವರೆಗೆ ಸಮಯಸಹಿತ ದಾಖಲಾದ, ಯಾರೂ ತಿದ್ದಲಾಗದ, ಸ್ವತಂತ್ರ ವ್ಯಕ್ತಿಯೊಬ್ಬರು ಕೂಡಲೇ ನೋಡಬಹುದಾದ ದೃಶ್ಯ. ಅದು ಮೃತನ ಕುಟುಂಬಕ್ಕೆ ಎಷ್ಟು ಬೇಕೋ, ತಪ್ಪು ಮಾಡದ ಪೊಲೀಸ್ ಸಿಬ್ಬಂದಿಗೂ ಅಷ್ಟೇ ಬೇಕು. ಠಾಣೆಯ ಕ್ಯಾಮೆರಾ ಪೊಲೀಸರ ಮೇಲಿನ ಅಪನಂಬಿಕೆಯ ಗುರುತು ಎಂದು ಭಾವಿಸುವವರು ಇದನ್ನು ಮರೆಯಬಾರದು. ಪ್ರಾಮಾಣಿಕ ಸಬ್‌ಇನ್‌ಸ್ಪೆಕ್ಟರ್‌ಗೆ ಅದಕ್ಕಿಂತ ದೊಡ್ಡ ರಕ್ಷಾಕವಚ ಇನ್ನೊಂದಿಲ್ಲ.

ಲೆಕ್ಕಪರಿಶೋಧನೆ ಇದೆಯಲ್ಲ, ಅದು ಸಾಲದೇ ಎಂದು ಕೆಲವರು ಕೇಳಬಹುದು. ಮಹಾಲೇಖಪಾಲರ ವರದಿಗಳು ನಿಜಕ್ಕೂ ಉಪಯುಕ್ತ. ನೆರೆಯ ಕೇರಳದ ವಿಧಾನಸಭೆಯಲ್ಲಿ 2020ರ ಫೆಬ್ರುವರಿಯಲ್ಲಿ ಮಂಡನೆಯಾದ ವರದಿ, ಪೊಲೀಸ್ ಇಲಾಖೆಯ ಸಲಕರಣೆ ಖರೀದಿಯಲ್ಲಿ ನಿಯಮ ಪಾಲನೆಯಾಗದ್ದನ್ನು ಎತ್ತಿ ತೋರಿಸಿತ್ತು. ಕೆಳಹಂತದ ಅಧಿಕಾರಿಗಳ ವಸತಿಗೃಹಗಳಿಗೆ ಇಟ್ಟಿದ್ದ 2.81 ಕೋಟಿ ರೂಪಾಯಿ ಹಿರಿಯ ಅಧಿಕಾರಿಗಳ ಬಂಗಲೆಗಳಿಗೆ ತಿರುಗಿದ್ದನ್ನೂ ದಾಖಲಿಸಿತ್ತು. ಆದರೆ ಲೆಕ್ಕಪರಿಶೋಧನೆಯ ಸ್ವಭಾವವೇ ಹಿಂದಿನಿಂದ ಬರುವುದು. ಆ ವರದಿ 2018ರ ಮಾರ್ಚ್‌ಗೆ ಮುಗಿದ ವರ್ಷದ್ದು. ಗೋಡೆ ಕಟ್ಟಿ ಬಣ್ಣ ಬಳಿದಾದ ಮೇಲೆ ಪಾಯ ಸರಿಯಿಲ್ಲ ಎಂದರೆ ಏನು ಪ್ರಯೋಜನ? ತಂತ್ರಜ್ಞಾನದ ವಿಷಯದಲ್ಲಂತೂ ಎರಡು ವರ್ಷ ಕಳೆದರೆ ಕೊಂಡ ಯಂತ್ರವೇ ಹಳತಾಗಿರುತ್ತದೆ.

ಮುಂಚಿತ ಹಾಗೂ ನಿರಂತರ ಉಸ್ತುವಾರಿ ಹೇಗಿರಬಹುದು ಎಂಬುದಕ್ಕೆ ಸ್ಕಾಟ್ಲೆಂಡಿನ ಅನುಭವ ನೋಡಬಹುದು. ಅಲ್ಲಿನ ಪ್ರಾದೇಶಿಕ ಪೊಲೀಸ್ ಪಡೆಗಳನ್ನೆಲ್ಲ 2013ರಲ್ಲಿ ಒಂದುಗೂಡಿಸಿ, ನೂರಕ್ಕೂ ಹೆಚ್ಚು ಹಳೆಯ ದಾಖಲೆ ಪದ್ಧತಿಗಳ ಜಾಗದಲ್ಲಿ ‘ಐ6’ ಎಂಬ ಒಂದೇ ತಂತ್ರಾಂಶ ತರಲು ಅಕ್ಸೆಂಚರ್ ಕಂಪನಿಯೊಡನೆ ಸುಮಾರು 46 ದಶಲಕ್ಷ ಪೌಂಡ್‌ಗಳ ಒಪ್ಪಂದವಾಯಿತು. ತಂತ್ರಾಂಶದಲ್ಲಿ ದೋಷಗಳು ಕಂಡವು, ಗಡುವುಗಳು ಮೀರಿದವು, 2016ರಲ್ಲಿ ಒಪ್ಪಂದ ರದ್ದಾಯಿತು. ವಿಫಲವಾದದ್ದು ನಿಜ. ಆದರೆ ಮುಂದೆ ನಡೆದದ್ದು ಮುಖ್ಯ. ಪೊಲೀಸರು ಕಟ್ಟಿದ್ದ ಹಣವನ್ನೆಲ್ಲ ಕಂಪನಿ ಹಿಂದಿರುಗಿಸಿತು, ಅದರ ಮೇಲೆ ಹೆಚ್ಚಿನ ಮೊತ್ತವನ್ನೂ ತೆತ್ತಿತು. ರದ್ದಾಗಿ ಒಂದು ವರ್ಷ ತುಂಬುವ ಮೊದಲೇ, 2017ರ ಮಾರ್ಚ್‌ನಲ್ಲಿ, ಏನು ತಪ್ಪಾಯಿತು ಎಂಬ ಪೂರ್ಣ ವರದಿಯನ್ನು ಲೆಕ್ಕಪರಿಶೋಧನಾ ಸಂಸ್ಥೆ ಸಾರ್ವಜನಿಕರ ಮುಂದಿಟ್ಟಿತು. ಮರುವರ್ಷ, ಅದೇ ಪೊಲೀಸ್ ಪಡೆ ಮೊಬೈಲ್ ಫೋನ್‌ಗಳ ಒಳಗಿನ ಮಾಹಿತಿ ನೋಡುವ 41 ಯಂತ್ರಗಳನ್ನು ಕೊಂಡಾಗ, ಸಂಸತ್ತಿನ ಪೊಲೀಸ್ ಉಪಸಮಿತಿ ಅವುಗಳ ಬಳಕೆಗೆ ಕಾನೂನಿನ ಆಧಾರ ಎಲ್ಲಿದೆ ಎಂದು ಪಟ್ಟುಹಿಡಿದು ಕೇಳಿತು. ಉತ್ತರ ಸ್ಪಷ್ಟವಾಗುವವರೆಗೆ, ಅಂದರೆ 2020ರವರೆಗೆ, ಆ ಯಂತ್ರಗಳು ಠಾಣೆಗಳಲ್ಲಿ ಬಳಕೆಗೆ ಬರಲಿಲ್ಲ. ಇದರಿಂದ ಸ್ಕಾಟ್ಲೆಂಡ್ ಅಪರಾಧಿಗಳ ಪಾಲಾಗಲಿಲ್ಲ. ಅಮೆರಿಕದ ಓಕ್‌ಲ್ಯಾಂಡ್ ನಗರವಂತೂ 2018ರಲ್ಲಿ, ಪೊಲೀಸರು ಯಾವುದೇ ನಿಗಾ ಸಾಧನ ಕೊಳ್ಳುವ ಮೊದಲು ನಗರ ಪರಿಷತ್ತಿನ ಒಪ್ಪಿಗೆ ಪಡೆಯಬೇಕು, ಬಳಕೆಯ ವಾರ್ಷಿಕ ವರದಿ ಕೊಡಬೇಕು ಎಂದು ಕಾನೂನನ್ನೇ ಮಾಡಿತು.

ಕಾನೂನಿನ ಆಧಾರದ ಪ್ರಶ್ನೆ ನಮ್ಮಲ್ಲಿ ಇನ್ನಷ್ಟು ತುರ್ತಿನದು. ಕ್ಯಾಮೆರಾಗಳು ಈಗ ಬರಿದೇ ನೋಡುವುದಿಲ್ಲ. ಮುಖ ಗುರುತಿಸುವ ತಂತ್ರಾಂಶದ ಬಲದಿಂದ ಇವನೇ ಅವನು ಎಂದು ಹೇಳತೊಡಗಿವೆ. ಮಾಹಿತಿ ಹಕ್ಕಿನಡಿ ಕೇಳಿದ ಪ್ರಶ್ನೆಗೆ ದೆಹಲಿ ಪೊಲೀಸರು 2022ರಲ್ಲಿ ನೀಡಿದ ಉತ್ತರದಂತೆ, ಶೇ 80ರಷ್ಟು ಹೋಲಿಕೆ ಕಂಡರೆ ಅದನ್ನು ಹೊಂದಾಣಿಕೆ ಎಂದೇ ಪರಿಗಣಿಸಲಾಗುತ್ತದೆ. ಈ ಶೇ 80ನ್ನು ಯಾವ ಶಾಸನಸಭೆಯೂ ಚರ್ಚಿಸಿ ನಿಗದಿ ಮಾಡಿಲ್ಲ. ಬ್ರಿಟನ್ನಿನ ಸೌತ್ ವೇಲ್ಸ್ ಪೊಲೀಸರು ಇದೇ ತಂತ್ರಜ್ಞಾನ ಬಳಸಿದ್ದು ಕಾನೂನುಬಾಹಿರ ಎಂದು ಅಲ್ಲಿನ ಮೇಲ್ಮನವಿ ನ್ಯಾಯಾಲಯ 2020ರ ಆಗಸ್ಟ್‌ನಲ್ಲಿ ತೀರ್ಪಿತ್ತಿತು. ಎಲ್ಲಿ, ಯಾರ ಮೇಲೆ ಬಳಸಬೇಕೆಂಬುದನ್ನು ಪೊಲೀಸರ ವಿವೇಚನೆಗೆ ವಿಪರೀತವಾಗಿ ಬಿಟ್ಟದ್ದು ಮತ್ತು ತಂತ್ರಾಂಶದಲ್ಲಿ ತಾರತಮ್ಯ ಇದೆಯೇ ಎಂದು ಪರೀಕ್ಷಿಸದೆ ಇದ್ದದ್ದು ಅದು ಕೊಟ್ಟ ಕಾರಣಗಳಲ್ಲಿ ಮುಖ್ಯವಾದವು. ಖಾಸಗಿತನ ಮೂಲಭೂತ ಹಕ್ಕು ಎಂದು ನಮ್ಮ ಸುಪ್ರೀಂ ಕೋರ್ಟ್ 2017ರಲ್ಲಿ ಸಾರಿತು. ಆ ಮೊಕದ್ದಮೆ ಹೂಡಿದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಎಂಬುದು ಕನ್ನಡಿಗರು ಹೆಮ್ಮೆಪಡಬೇಕಾದ ಸಂಗತಿ. ಆದರೆ 2023ರ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ, ಸರ್ಕಾರಿ ಸಂಸ್ಥೆಗಳಿಗೆ ವಿನಾಯಿತಿ ಕೊಡುವ ವಿಶಾಲ ಅಧಿಕಾರವನ್ನು ಸರ್ಕಾರಕ್ಕೇ ನೀಡಿದೆ. ಹೀಗಾಗಿ ಹಕ್ಕು ತೀರ್ಪಿನಲ್ಲಿದೆ, ಕಾವಲು ಎಲ್ಲಿಯೂ ಇಲ್ಲ.

ಪೊಲೀಸರ ಕಡೆಯಿಂದ ಎರಡು ಆಕ್ಷೇಪಗಳು ಬರುವುದು ಸಹಜ. ಅವು ತಳ್ಳಿಹಾಕುವಂಥವಲ್ಲ. ಮೊದಲನೆಯದು ಗೋಪ್ಯತೆ. ಎಲ್ಲವನ್ನೂ ಬಹಿರಂಗಪಡಿಸಿದರೆ ಅಪರಾಧಿಗಳಿಗೆ ದಾರಿ ತೋರಿಸಿದಂತಾಗುವುದಿಲ್ಲವೇ? ಖಂಡಿತ, ಯಾವ ಕ್ಯಾಮೆರಾ ಯಾವ ಕಂಬದ ಮೇಲಿದೆ, ಯಾವ ಕೋನದಲ್ಲಿ ನೋಡುತ್ತಿದೆ ಎಂದು ಯಾರೂ ಕೇಳುತ್ತಿಲ್ಲ. ಕೇಳುತ್ತಿರುವುದು ಬೆಲೆ ಎಷ್ಟು, ನಿರ್ವಹಣಾ ವೆಚ್ಚ ಎಷ್ಟು, ಕೊಂಡವುಗಳಲ್ಲಿ ಈ ತಿಂಗಳು ಎಷ್ಟು ಕೆಲಸ ಮಾಡಿದವು, ದೃಶ್ಯಗಳನ್ನು ಎಷ್ಟು ದಿನ ಇಡುತ್ತೀರಿ, ಯಾರಿಗೆ ತೋರಿಸುತ್ತೀರಿ ಎಂದು. ಈ ಐದು ಉತ್ತರಗಳಿಂದ ಯಾವ ಕಳ್ಳನಿಗೂ ಲಾಭವಿಲ್ಲ.

ಎರಡನೆಯದು ವಿಳಂಬ. ಸೈಬರ್ ವಂಚಕ ಕ್ಷಣಾರ್ಧದಲ್ಲಿ ಹಣ ದಾಟಿಸುತ್ತಾನೆ; ನಾವು ಸಮಿತಿಗಳ ಮುಂದೆ ಕಡತ ಹಿಡಿದು ನಿಲ್ಲಬೇಕೇ ಎಂಬ ಅಳಲು ನ್ಯಾಯವಾದದ್ದೇ. ದೇಶದ ಮೊದಲ ಸೈಬರ್ ಅಪರಾಧ ಠಾಣೆಯನ್ನು 2001ರಲ್ಲಿ ತೆರೆದದ್ದು ಕರ್ನಾಟಕ. 2025ರಲ್ಲಿ ಪ್ರತ್ಯೇಕ ಸೈಬರ್ ಕಮಾಂಡ್ ಘಟಕ ರಚಿಸಿದ್ದೂ ಕರ್ನಾಟಕ. ಈ ಮುಂದಾಳ್ತನಕ್ಕೆ ಅಡ್ಡಗಾಲು ಹಾಕಬೇಕೆಂದು ಯಾರೂ ಹೇಳುವುದಿಲ್ಲ. ಆದರೆ ಒಂದು ಮಾತು. ‘ಸುರಕ್ಷಿತ ನಗರ’ದ ಟೆಂಡರ್ ಎರಡು ಬಾರಿ ರದ್ದಾಗಿ ಮೂರು ವರ್ಷ ಎಳೆದದ್ದು ಯಾವ ಸಾರ್ವಜನಿಕ ಸಮಿತಿಯ ಅಡ್ಡಿಯಿಂದಲೂ ಅಲ್ಲ. ಮೊದಲೇ ತೆರೆದಿಟ್ಟು ಚರ್ಚಿಸದ ಖರೀದಿ ಆಮೇಲೆ ಆಕ್ಷೇಪ, ವ್ಯಾಜ್ಯ, ವರ್ಗಾವಣೆಗಳ ರೂಪದಲ್ಲಿ ದುಪ್ಪಟ್ಟು ವಿಳಂಬವನ್ನು ವಸೂಲು ಮಾಡುತ್ತದೆ.

ಹಾಗಾದರೆ ಆಗಬೇಕಾದದ್ದೇನು? ಇದಕ್ಕೆ ಹೊಸ ಪ್ರಾಧಿಕಾರ, ಹೊಸ ಕಟ್ಟಡ, ಕೆಂಪು ದೀಪದ ಕಾರು ಯಾವುದೂ ಬೇಕಿಲ್ಲ. ಇರುವ ಬಾಗಿಲುಗಳನ್ನು ತೆರೆದರೆ ಸಾಕು. 2006ರ ಪ್ರಕಾಶ್ ಸಿಂಗ್ ತೀರ್ಪಿನ ಫಲವಾಗಿ 2012ರಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಗೆ ತಿದ್ದುಪಡಿಯಾಗಿ ರಾಜ್ಯ ಭದ್ರತಾ ಆಯೋಗಕ್ಕೆ ಅವಕಾಶವಾಯಿತು. ಪೊಲೀಸ್ ನೀತಿಯ ರೂಪುರೇಷೆ ನಿರ್ಧರಿಸುವುದು, ಕಾರ್ಯನಿರ್ವಹಣೆಯನ್ನು ಮೌಲ್ಯಮಾಪನ ಮಾಡುವುದು, ಅದರ ವರದಿ ಶಾಸನಸಭೆಯ ಮುಂದೆ ಬರುವುದು ಆ ತೀರ್ಪಿನ ಆಶಯವಾಗಿತ್ತು. ಪೊಲೀಸರ ಐದು ವರ್ಷಗಳ ತಂತ್ರಜ್ಞಾನ ಯೋಜನೆ ಇಂಥ ಆಯೋಗದ ಮುಂದೆ ಬರಲಿ. ಅದರ ವರದಿ ಪ್ರತಿವರ್ಷ ಗೃಹ ಇಲಾಖೆಯ ಬೇಡಿಕೆಯ ಮೇಲಿನ ಚರ್ಚೆಗೆ ಮೊದಲು ಶಾಸಕರ ಕೈಸೇರಲಿ. ನಿಗದಿತ ಮೊತ್ತಕ್ಕಿಂತ ದೊಡ್ಡ ಪ್ರತಿಯೊಂದು ಖರೀದಿಗೆ ಮುನ್ನ ಅದರ ಉದ್ದೇಶ, ಪೂರ್ಣಾವಧಿ ವೆಚ್ಚ, ಕಾನೂನಿನ ಆಧಾರ, ದತ್ತಾಂಶದ ಗತಿ ಇವಿಷ್ಟನ್ನು ತಿಳಿಸುವ ಸರಳ ಕನ್ನಡದ ಟಿಪ್ಪಣಿ ಪ್ರಕಟವಾಗಲಿ. ಮಾಹಿತಿ ಹಕ್ಕು ಕಾಯ್ದೆಯ 4ನೇ ಸೆಕ್ಷನ್ ಸ್ವಯಂಪ್ರೇರಿತ ಪ್ರಕಟಣೆಯನ್ನು 2005ರಿಂದಲೇ ಕೇಳುತ್ತಿದೆ. ಮುಖ ಗುರುತಿಸುವ ತಂತ್ರಾಂಶದಂಥವು ಶಾಸನವಿಲ್ಲದೆ ಬಳಕೆಗೆ ಬರದಿರಲಿ. ಯಶಸ್ಸಿನ ಲೆಕ್ಕವನ್ನು ‘ಅಳವಡಿಸಿದವು ಎಷ್ಟು’ ಎಂಬುದರಿಂದ ‘ನಡೆಯುತ್ತಿರುವವು ಎಷ್ಟು’ ಎಂಬುದಕ್ಕೆ ಬದಲಿಸೋಣ.

ಎಲ್ಲಕ್ಕಿಂತ ಮೊದಲು, ಜಿಲ್ಲಾ ಉಸ್ತುವಾರಿ ಸಮಿತಿಗೆ ಜೀವ ತುಂಬಬೇಕು. ಜಿಲ್ಲಾ ಪಂಚಾಯಿತಿಗಳಿಗೆ ಕಾಲಕಾಲಕ್ಕೆ ಚುನಾವಣೆ ನಡೆಸುವುದು ಸಂವಿಧಾನದ ಅಪ್ಪಣೆ. ಅದನ್ನು ಸರ್ಕಾರದ ಅನುಕೂಲಕ್ಕೆ ಬಿಡಲಾಗದು. ಜಿಲ್ಲೆಯ ಪ್ರತಿ ಠಾಣೆಯ ಕ್ಯಾಮೆರಾಗಳ ಸ್ಥಿತಿ ತಿಳಿಸುವ ಮಾಸಿಕ ವರದಿ ಬೆಂಗಳೂರಿನ ಕಡತ ಸೇರುವ ಮುನ್ನ ಆಯಾ ತಾಲ್ಲೂಕು ಕಚೇರಿಯ, ಗ್ರಾಮ ಪಂಚಾಯಿತಿಯ ಸೂಚನಾ ಫಲಕದಲ್ಲಿ ಕಾಣಲಿ. ಠಾಣೆಯಲ್ಲಿ ಕ್ಯಾಮೆರಾ ಇದೆ, ಹಕ್ಕು ಉಲ್ಲಂಘನೆಯಾದರೆ ದೂರು ಕೊಡಬಹುದು ಎಂದು ಸ್ಥಳೀಯ ಭಾಷೆಯಲ್ಲಿ ಬರೆದ ಫಲಕ ಠಾಣೆಯ ಬಾಗಿಲಲ್ಲೇ ಇರಬೇಕೆಂದೂ ಸುಪ್ರೀಂ ಕೋರ್ಟ್ ಹೇಳಿದೆ. ಅದಕ್ಕೆ ಕೋಟಿ ರೂಪಾಯಿ ಬೇಡ. ಒಂದು ಹಲಗೆ, ಒಂದು ಡಬ್ಬಿ ಬಣ್ಣ, ಬರೆಸುವ ಮನಸ್ಸು ಸಾಕು. ತಾಳ್ಯದ ರೈತನೊಬ್ಬ ತನ್ನ ವ್ಯಾಪ್ತಿಯ ಠಾಣೆಗೆ ಹೋದಾಗ ಆ ಫಲಕ ಅಲ್ಲಿದೆಯೇ, ಅದರ ಮೇಲಿನ ಕ್ಯಾಮೆರಾ ನಡೆಯುತ್ತಿದೆಯೇ, ನಡೆಯದಿದ್ದರೆ ಯಾರನ್ನು ಕೇಳಬೇಕೆಂದು ಅವನಿಗೆ ಗೊತ್ತಿದೆಯೇ ಎಂಬ ಮೂರು ಪ್ರಶ್ನೆಗಳಿಗೆ ಹೌದು ಎನ್ನಲು ಸಾಧ್ಯವಾಗುವವರೆಗೆ, ಪೊಲೀಸ್ ಆಧುನೀಕರಣ ಮುಗಿಯಿತೆಂದು ಯಾವ ಸರ್ಕಾರವೂ ಹೇಳಿಕೊಳ್ಳುವಂತಿಲ್ಲ.